ತಾಳೆ ನೋಡಿದವರು ಗುರುಪಾದಸ್ವಾಮಿ

ಕೊಳ್ಳೇಗಾಲದ ಗುರುಪಾದಸ್ವಾಮಿಗಳು ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಆ ಸುದ್ದಿ ಅವರ ಕಣ್ಣಿಗೆ ಇನ್ನೂ ಮುಟ್ಟಿರಲಿಲ್ಲ. ಬೆಳಿಗ್ಗೆ ಎದ್ದರೆ ಪೇಪರಿನ ತಾರೀಖು, ಗೋಡೆಯ ಕ್ಯಾಲೆಂಡರಿನ ತಾರೀಖು, ಮೊಬೈಲಿನ ತಾರೀಖು, ಮೂರೂ ಒಂದೇ ಎಂದು ಖಾತ್ರಿಯಾಗುವವರೆಗೆ ಅವರ ಪಾಲಿಗೆ ದಿನ ಶುರುವಾಗುತ್ತಿರಲಿಲ್ಲ. ಕಾಫಿ ಆಮೇಲೆ.

ಅವರ ಇಡೀ ನೌಕರಿ ಒಂದು ಸರ್ಕಾರಿ ಕಚೇರಿಯ ನಕಲು ವಿಭಾಗದಲ್ಲಿ ಸವೆದಿತ್ತು. ಹಳೆಯ ಕಾಗದವನ್ನು ನೋಡಿ ಹೊಸ ಕಾಗದಕ್ಕೆ ನಕಲು ಇಳಿಸುವುದು ಅಲ್ಲಿನ ಕೆಲಸ. ಇಳಿಸಿದ ಮೇಲೆ ಒಬ್ಬ ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟುಕೊಂಡು ‘ಸರಿ, ಸರಿ’ ಎನ್ನುತ್ತಾ ಹೋಗಬೇಕು. ಕೊನೆಗೆ ‘ತಾಳೆ ನೋಡಿದವರು’ ಎಂದಿರುವ ಕಡೆ ಸಹಿ ಬೀಳಬೇಕು. ಊರಿಗೆಲ್ಲ ಜೆರಾಕ್ಸ್ ಬಂದ ಮೇಲೂ ಗುರುಪಾದಸ್ವಾಮಿಗಳು ಓದಿಸುವುದನ್ನು ಬಿಡಲಿಲ್ಲ. ಯಂತ್ರ ತಪ್ಪು ಮಾಡುವುದಿಲ್ಲವಲ್ಲ ಸಾರ್ ಎಂದು ಯಾರಾದರೂ ಅಂದರೆ ಒಂದು ಗಂಟೆ ಉತ್ತರ ಕೊಡುತ್ತಿದ್ದರು. ಕೇಳಿದವರು ಸುಸ್ತಾಗಿ ಎದ್ದುಹೋಗುತ್ತಿದ್ದರು. ಅದನ್ನು ಅವರು ತಮ್ಮ ಗೆಲುವೆಂದು ತಿಳಿದಿದ್ದರು.

ಈ ಕೆಲಸಕ್ಕೆ ಅವರದೇ ಒಂದು ಧರ್ಮವಿತ್ತು. ತಾಳೆ ನೋಡುವವನು ಅರ್ಥಕ್ಕೆ ಹೋಗಬಾರದು. ಅರ್ಥಕ್ಕೆ ಹೋದರೆ ಕಣ್ಣು ಮುಂದೆ ಓಡುತ್ತದೆ, ಅಕ್ಷರ ಹಿಂದೆ ಉಳಿಯುತ್ತದೆ. ತಂದೆ ಮಗನ ಮೇಲೆ ಹಾಕಿದ ದಾವೆಯನ್ನೂ, ಗಂಡ ಸತ್ತವಳು ಬರೆಸಿದ ಅರ್ಜಿಯನ್ನೂ, ಹಳ್ಳದ ಮರಳಿನ ಹರಾಜನ್ನೂ ಅವರು ಒಂದೇ ದನಿಯಲ್ಲಿ ‘ಸರಿ’ ಅಂದು ದಾಟಿಸಿದ್ದರು. ಬೀಳ್ಕೊಡುಗೆಯಲ್ಲಿ ಇದನ್ನೇ ಹೊಗಳಿ ಶಾಲು ಹೊದಿಸಿದರು. ಶಾಲಿನ ಬಣ್ಣವೂ ಬಿಲ್ಲಿನಲ್ಲಿ ಬರೆದ ಬಣ್ಣವೂ ಬೇರೆಬೇರೆ ಇವೆಯೆಂದು ಅವರು ಮಾರನೆಯ ದಿನ ಕಚೇರಿಗೆ ಹೇಳಿಕಳಿಸಿದರು.

ಹೆಂಡತಿ ಪುಟ್ಟಮಲ್ಲಮ್ಮ ಈ ಶಿಸ್ತನ್ನು ಮದುವೆಯಾದ ದಿನದಿಂದ ಸಹಿಸಿಕೊಂಡು ಬಂದವಳು. ಮಗಳು ಭವ್ಯಳನ್ನು ಯಳಂದೂರಿಗೆ ಕೊಟ್ಟಾಗ ಮನೆಯ ಮುಂದೆ ದೊಡ್ಡ ಚಪ್ಪರ ಎದ್ದಿತ್ತು. ಹುಡುಗಿಯನ್ನು ಹಸೆಗೆ ಕೂರಿಸಿ ಹೆಂಗಸರು ಸೋಬಾನೆ ಪದ ಹೇಳುವಾಗ ಹೆಣ್ಣಿನ ತಾಯಿ ಪಕ್ಕದಲ್ಲಿರಬೇಕು. ಆದರೆ ಪುಟ್ಟಮಲ್ಲಮ್ಮ ಹಿಂದಿನ ಕೋಣೆಯ ಉಗ್ರಾಣದಲ್ಲಿ ಸಕ್ಕರೆ, ತುಪ್ಪಗಳ ಕಾವಲಿಗಿದ್ದಳು. ಬೀಗದ ಕೈ ಬೇರೆಯವರಿಗೆ ಕೊಡಕೂಡದೆಂದು ಗಂಡನ ಅಪ್ಪಣೆಯಾಗಿತ್ತು.

ಅವತ್ತು ಸೋಬಾನೆ ಹೇಳಿದವಳು ಆಕೆಯ ತಾಯಿ, ಹನೂರು ಸೀಮೆಯ ಅಜ್ಜೀಪುರದ ಬಸಮ್ಮಣ್ಣಿ. ಬಸಮ್ಮಣ್ಣಿಯ ಪದ ಎಲ್ಲರ ಪದದಂತೆಯೇ ಇರುತ್ತಿತ್ತು, ಕೊನೆಯ ನುಡಿಯೊಂದನ್ನು ಬಿಟ್ಟು. ಆ ನುಡಿಯನ್ನು ಆಕೆ ಆಯಾ ಮದುವೆಗೆ, ಆಯಾ ಮನೆಯವರನ್ನು ನೋಡಿ, ನಿಂತ ನಿಲುವಿನಲ್ಲಿ ಕಟ್ಟುತ್ತಿದ್ದಳು. ಯಾರಾದರೂ ಒಬ್ಬರ ಕಾಲೆಳೆಯದೆ ಅದು ಮುಗಿಯುತ್ತಿರಲಿಲ್ಲ. ಮೊಮ್ಮಗಳ ಮದುವೆಗೂ ಒಂದು ಕಟ್ಟಿದಳು. ಚಪ್ಪರವೆಲ್ಲ ನಕ್ಕ ಸದ್ದು ಉಗ್ರಾಣದವರೆಗೆ ಬಂತು, ಪದ ಮಾತ್ರ ಬರಲಿಲ್ಲ. ಆಮೇಲೆ ಕೇಳೋಣ ಎಂದುಕೊಂಡಳು ಪುಟ್ಟಮಲ್ಲಮ್ಮ. ಮದುವೆಯ ಗಲಾಟೆ ಕಳೆದು ತವರಿಗೆ ಹೋಗಿ ಕೇಳುವಷ್ಟರಲ್ಲಿ ಮುದುಕಿ ಮಾತು ನಿಂತು ಹಾಸಿಗೆ ಹಿಡಿದಿದ್ದಳು. ಶಿವರಾತ್ರಿಗೆ ಆಕೆ ಇರಲಿಲ್ಲ.

ಉಳಿದದ್ದು ಮದುವೆಯ ಮೂರು ಡಿವಿಡಿ. ವಿಡಿಯೋದವನು ಧಾರೆಗೂ ಸಿನಿಮಾ ಹಾಡು, ಊಟಕ್ಕೂ ಸಿನಿಮಾ ಹಾಡು ಮೆತ್ತಿದ್ದ. ಅದೃಷ್ಟಕ್ಕೆ ಸೋಬಾನೆಯ ಹೊತ್ತಿಗೆ ಅವನ ಹಾಡುಗಳು ಮುಗಿದುಹೋಗಿ, ಬಸಮ್ಮಣ್ಣಿಯ ದನಿಯನ್ನು ಇದ್ದ ಹಾಗೇ ಬಿಟ್ಟಿದ್ದ. ಡಿವಿಡಿ ಬಂದ ಹೊಸದರಲ್ಲಿ ನೆಂಟರ ಜೊತೆ ಕೂತು ಒಮ್ಮೆ ನೋಡಿದ್ದಾಯಿತು. ತಂತಮ್ಮ ಮುಖ ಬಂದಾಗಲೆಲ್ಲ ನೆಂಟರು ಕೂಗಿಕೊಂಡ ಗದ್ದಲದಲ್ಲಿ ಯಾರಿಗೆ ಏನು ಕೇಳಿಸೀತು? ಇನ್ನೊಂದು ಸಲ ಹಾಕಿ ಎಂದು ಪುಟ್ಟಮಲ್ಲಮ್ಮ ಕೇಳಿದಾಗ ಗುರುಪಾದಸ್ವಾಮಿಗಳು ಡಿವಿಡಿಗಳನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಮೂಲವನ್ನು ಹಾಗೆಲ್ಲ ಮುಟ್ಟಬಾರದು, ಸವೆಯುತ್ತದೆ. ಆಕೆ ಕೇಳಿದಾಗಲೆಲ್ಲ ಇದೇ ಉತ್ತರ. ಅಷ್ಟರಲ್ಲಿ ಪ್ಲೇಯರೇ ಕೆಟ್ಟುಹೋಯಿತು. ಮೂಲ ಸವೆಯದೆ ಉಳಿಯಿತು.

ಈ ವರ್ಷ ಪುಟ್ಟಮಲ್ಲಮ್ಮನ ತಮ್ಮ ಶಾಂತಮೂರ್ತಿಯ ಮಗಳು ರೂಪಳ ಮದುವೆ ಗೊತ್ತಾಯಿತು. ಅಜ್ಜೀಪುರದ ಮನೆಯಲ್ಲಿ ಇನ್ನು ಸೋಬಾನೆಗೆ ದೊಡ್ಡವಳೆಂದರೆ ಪುಟ್ಟಮಲ್ಲಮ್ಮನೇ. ಹಳೆಯ ಪದಗಳೆಲ್ಲ ಬಾಯಲ್ಲಿದ್ದವು. ತಾಯಿ ಕಟ್ಟಿದ ಆ ಕಡೆಯ ನುಡಿಯೊಂದು ಕಿವಿಗೆ ಬಿದ್ದರೆ ಸಾಕು, ಆ ದಾರಿಯಲ್ಲಿ ತಾನೂ ಒಂದು ಕಟ್ಟಿಯೇನು ಎಂದು ಆಕೆಗೆ ಆಸೆ. ಅದನ್ನು ಗಂಡನಿಗೆ ಹೇಳಿದಳು. ಯಳಂದೂರಿನಿಂದ ಭವ್ಯಳೂ ಫೋನಿನಲ್ಲಿ ಗದರಿಸಿದಳು: “ಅಪ್ಪಾಜಿ, ಡಿವಿಡಿ ಮಡಿಕಂಡಿದ್ರೆ ಬೂಸ್ಲು ಇಡೀತದೆ. ಪೆನ್‌ಡ್ರೈವಿಗೆ ಆಕ್ಸಿ.”

ಗುರುಪಾದಸ್ವಾಮಿಗಳು ಬೀರು ತೆರೆದರು. ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಪಕ್ಕದಲ್ಲೇ ಸಿಡಿ ಕಾಪಿ ಮಾಡುವ ಮಣಿಕಂಠನಿಗೆ ಡಿವಿಡಿಗಳನ್ನು ಕೊಟ್ಟು, ಅವನು ಮುಗಿಸುವವರೆಗೆ ಅಂಗಡಿಯ ಸ್ಟೂಲಿನ ಮೇಲೆ ಕೂತೇ ಇದ್ದರು.

“ಆಯ್ತು ಸಾ. ಒಸ ಟಿವಿಗೆ ಓಡಂಗೆ ಕನ್ವರ್ಟ್ ಮಾಡಿ ಆಕಿವ್ನಿ. ಚೆಕ್ಕೂ ಮಾಡ್ದೆ,” ಅಂದ ಮಣಿಕಂಠ.

“ಹೆಂಗೆ ಚೆಕ್ ಮಾಡಿದೆ?”

“ಸುರುಲಿ ಒಸಿ, ಮದ್ಯದಲ್ಲಿ ಒಸಿ, ಕೊನೇಲಿ ಒಸಿ ಓಡಿಸ್ ನೋಡ್ದೆ. ನೀವೂ ಮನೇಲಿ ಒಂದ್ಸಲ ನೋಡ್ಕಳಿ ಸಾ.”

ಒಸಿ ನೋಡಿದ್ದನ್ನು ತಾಳೆ ಎನ್ನುವ ಕಾಲ ಬಂತಲ್ಲ ಎಂದು ಗುರುಪಾದಸ್ವಾಮಿಗಳಿಗೆ ಮೈ ಉರಿಯಿತು. ಒಳಗೊಳಗೇ ಖುಷಿಯೂ ಆಯಿತು. ಎಷ್ಟೋ ವರ್ಷದ ಮೇಲೆ ತಮಗೊಂದು ಕೆಲಸ ಸಿಕ್ಕಿತ್ತು.

ಮೊದಲು ಮಗಳ ಮನೆಯಿಂದ ಹಳೆಯ ಡಿವಿಡಿ ಪ್ಲೇಯರನ್ನೂ ಲ್ಯಾಪ್‌ಟಾಪನ್ನೂ ತರಿಸಿದರು. ಆಮೇಲೆ ತಮ್ಮ ಕಚೇರಿಯಲ್ಲಿ ಅಟೆಂಡರ್ ಆಗಿದ್ದ, ಮೂಲ ಓದಿ ಓದಿಯೇ ಗಂಟಲು ಒಡೆದುಕೊಂಡಿದ್ದ ಚಿಕ್ಕಸಿದ್ದಯ್ಯನಿಗೆ ಹೇಳಿಕಳಿಸಿದರು. ಅವನೂ ನಿವೃತ್ತ. ಸಾಹೇಬರು ಕರೆದರೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಹಜಾರದ ಒಂದು ಕಡೆ ಟಿವಿಯಲ್ಲಿ ಡಿವಿಡಿ, ಇನ್ನೊಂದು ಕಡೆ ಭವ್ಯಳ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್. ಬೆನ್ನಿಗೆ ಬೆನ್ನು ಹಾಕಿ ಇಬ್ಬರೂ ಕೂತರು. ಚಿಕ್ಕಸಿದ್ದಯ್ಯ ಕಂಡದ್ದನ್ನು ಕೂಗಬೇಕು, ಗುರುಪಾದಸ್ವಾಮಿಗಳು ‘ಸರಿ’ ಅನ್ನಬೇಕು.

ಶುರುವಿನಲ್ಲೇ ವಿಘ್ನ. ಎರಡನ್ನೂ ಒಟ್ಟಿಗೆ ಒತ್ತಿದರೂ ಒಂದು ಒಂದಿಷ್ಟು ಹಿಂದೆ, ಇನ್ನೊಂದು ಮುಂದೆ. ಟಿವಿಯಿಂದ ಓಲಗ ಕಿರುಚುವಾಗ ಓದುವವನ ದನಿ ಕೇಳಿಸಲಿಲ್ಲ. ಗುರುಪಾದಸ್ವಾಮಿಗಳು ಎದ್ದು ಟಿವಿಯ ಬಾಯಿ ಮುಚ್ಚಿಸಿದರು. ಅದು ಸುಮ್ಮನಾದ ಮೇಲೆ ಲ್ಯಾಪ್‌ಟಾಪೂ ಗದ್ದಲ ಮಾಡೀತೆಂದು ಅದರ ಸೌಂಡನ್ನೂ ಪೂರ್ತಿ ಇಳಿಸಿಬಿಟ್ಟರು. ಅದರಿಂದ ಆವರೆಗೆ ಸದ್ದೇ ಬಂದಿರಲಿಲ್ಲವೆಂಬುದನ್ನು ಗಮನಿಸಲು ಅವರಿಗೆ ಪುರಸೊತ್ತಿರಲಿಲ್ಲ.

“ಸಾ, ಸವುಂಡು?” ಎಂದ ಚಿಕ್ಕಸಿದ್ದಯ್ಯ.

“ತಾಳೆ ನೋಡೋದಕ್ಕೆ ಕಣ್ಣು ಬೇಕು ಕಣಯ್ಯ, ಕಿವಿ ಯಾಕೆ? ನಿನ್ನ ದನಿ ಒಂದು ಸಾಕು. ಓದು.”

ಚಿಕ್ಕಸಿದ್ದಯ್ಯ ಓದಿದ. “ಚಪ್ರ. ಬಾಳೆಕಂಬ ಎರಡು. ಒಂದು ವಾರೆ ಅದೆ.”

“ಸರಿ. ವಾರೆ.”

“ಅಸ್ರು ಸೀರೆ ಎಂಗ್ಸು ಆಕಳಿಸ್ತಾವ್ಳೆ.”

“ಸರಿ. ಆಕಳಿಸಿದ್ದಾಳೆ.”

“ಚಿತ್ರ ಚೌಕಚೌಕ ಆಗಿ ನಿಂತೋಯ್ತು ಸಾ.”

“ಇಲ್ಲೂ ಚೌಕ. ಮೂಲದಲ್ಲಿದ್ದಂತೆ. ಮುಂದಕ್ಕೆ ಹೋಗು.”

ಹೀಗೆ ವಾರ ನಡೆಯಿತು. ಬೀದಿಯಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ ನೋಡಿ, ಇಬ್ಬರು ಮುದುಕರಲ್ಲಿ ಒಬ್ಬ ಮದುವೆ ಕೂಗುವುದನ್ನೂ ಇನ್ನೊಬ್ಬ ಒಪ್ಪುವುದನ್ನೂ ಕಂಡು, ಕೇಳಿದರೆ ಎಲ್ಲಿ ಕೂರಿಸಿಕೊಂಡುಬಿಡುತ್ತಾರೋ ಎಂದು ಸುಮ್ಮನೆ ಹೋದರು. ಊಟ ಬಡಿಸುವ ದೃಶ್ಯದಲ್ಲಿ ಎಲೆಯ ಮೇಲಿನ ಪಲ್ಯಗಳನ್ನೂ ಬಿಡಲಿಲ್ಲ.

ಸೋಬಾನೆಯ ಭಾಗ ಬಂದಾಗ ಪುಟ್ಟಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದಳು. “ಏನ್ರೀ, ಅವ್ವನ ಪದ ಅಲ್ವೆ ಅದು? ಒಸಿ ಸವುಂಡ್ ಕೊಡ್ರಿ. ಆ ಕಡೆ ನುಡಿ ಒಂದ ಕೇಳ್ಕಬುಡ್ತೀನಿ.”

“ಕೆಲಸದ ಮಧ್ಯೆ ಬರಬೇಡ. ಹಿಂದೆಮುಂದೆ ಆದರೆ ಮತ್ತೆ ಮೊದಲಿಂದ ನೋಡಬೇಕು. ತಾಳೆ ಮುಗಿಯಲಿ, ಆಮೇಲೆ ದಿನವೆಲ್ಲ ಕೇಳು.”

“ಬಂದದೆ ತಾನೆ?”

ಗುರುಪಾದಸ್ವಾಮಿಗಳು ಲ್ಯಾಪ್‌ಟಾಪಿನ ಕಡೆ ನೋಡಿದರು. ಅತ್ತೆಯ ಬಾಯಿ ತೆರೆಯಿತು. ಬೆನ್ನ ಹಿಂದೆ ಚಿಕ್ಕಸಿದ್ದಯ್ಯ ‘ಬಾಯಿ ತಗದ್ರು’ ಅಂದ. ಎರಡೂ ಕೂಡಿದವು.

“ಬಂದಿದೆ. ತೆರೆದದ್ದು, ಮುಚ್ಚಿದ್ದು, ಎಲ್ಲ ಸರಿಯಾಗಿ ಬಂದಿದೆ.”

ಪುಟ್ಟಮಲ್ಲಮ್ಮ ನೆಮ್ಮದಿಯಿಂದ ಒಳಗೆ ಹೋದಳು. ಗಂಡನಲ್ಲಿ ನೂರು ಕುಂದು ಎಣಿಸಬಲ್ಲವಳು ಆಕೆ. ಆದರೆ ಅವರು ‘ಸರಿ’ ಅಂದದ್ದು ತಪ್ಪಾದದ್ದನ್ನು ಈವರೆಗೆ ಕಂಡಿರಲಿಲ್ಲ.

ಕೊನೆಯ ದೃಶ್ಯಕ್ಕೂ ‘ಸರಿ’ ಬಿದ್ದ ಮೇಲೆ ಗುರುಪಾದಸ್ವಾಮಿಗಳು ಪೆನ್‌ಡ್ರೈವನ್ನು ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ‘ತಾಳೆ ನೋಡಲಾಗಿದೆ, ಮೂಲಕ್ಕೆ ಸರಿಯಿದೆ’ ಎಂದು ಬರೆದು ಸಹಿ ಮಾಡಿದರು. ರೂಪಳ ಧಾರೆ ಸೀರೆ ತೆಗೆಯಲು ಎಲ್ಲರೂ ಕೊಳ್ಳೇಗಾಲಕ್ಕೆ ಬರುವ ದಿನ ಎಲ್ಲರೆದುರಿಗೆ ತೆರೆಯುವುದೆಂದು ತೀರ್ಮಾನವಾಯಿತು. ಪುಟ್ಟಮಲ್ಲಮ್ಮ ಈಗಲೇ ಒಂದು ಸಲ ಎಂದಳು. ಅಂಟಿಸಿಯಾಗಿದೆ ಎಂದರು.

ಇನ್ನು ಡಿವಿಡಿಗಳು ಉಳಿದವು. ಯಾರೇ ಆದರೂ ಮತ್ತೆ ಬೀರುವಿಗೆ ಹಾಕುತ್ತಿದ್ದರು. ಗುರುಪಾದಸ್ವಾಮಿಗಳು ಹಾಗೆ ಮಾಡುವವರಲ್ಲ. ಒಂದೇ ವಿಷಯಕ್ಕೆ ಎರಡು ದಾಖಲೆ ಇದ್ದುದರಿಂದಲೇ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅವಧಿ ಮುಗಿದ ಕಡತ ವಿಲೇವಾರಿಯಾಗಬೇಕು. ಅದೇ ಹೊತ್ತಿಗೆ ಶಾಂತಮೂರ್ತಿ ಬಂದು ಮುಸುಕಿನ ಜೋಳಕ್ಕೆ ಗಿಳಿ ಬೀಳ್ತಾವೆ ಭಾವ ಎಂದು ಗೋಳು ಹೇಳಿಕೊಂಡ. ಹಳೆಯ ಸಿಡಿಗಳನ್ನು ದಾರಕ್ಕೆ ಪೋಣಿಸಿ ಹೊಲದಲ್ಲಿ ತೂಗಿಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆದು ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ, ಆ ಕಡೆ ಎಲ್ಲರೂ ಮಾಡುವುದೇ.

“ಇವನ್ನ ತಗೊಂಡು ಹೋಗು. ಇನ್ನು ಬೇಕಾಗಿಲ್ಲ,” ಎಂದು ಗುರುಪಾದಸ್ವಾಮಿಗಳು ಮಗಳ ಮದುವೆಯನ್ನು ಭಾಮೈದನ ಕೈಗಿತ್ತರು.

ತಿಂಗಳೆರಡು ಕಳೆದು ಸೀರೆಯ ದಿನ ಬಂತು. ಸೀರೆಗಳನ್ನು ಹರಡಿಸಿ ಮಡಿಸಿ ಬಣ್ಣ ಒಪ್ಪುವಷ್ಟರಲ್ಲಿ ಮಧ್ಯಾಹ್ನವಾಯಿತು. ಊಟ ಮುಗಿಸಿ ಎಲ್ಲರೂ ಹಜಾರದಲ್ಲಿ ಕೂತರು. ಪುಟ್ಟಮಲ್ಲಮ್ಮ ಟಿವಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಯಾರೂ ಮಾತಾಡಕೂಡದೆಂದು ಮೊದಲೇ ಹೇಳಿದಳು. ಗುರುಪಾದಸ್ವಾಮಿಗಳು ಲಕೋಟೆ ಒಡೆದು, ತಾವು ಪಟ್ಟ ಶ್ರಮವನ್ನು ಬಿಡಿಸಿ ಹೇಳಿ, ಕೇಳುವವರು ಆಕಳಿಸುವುದನ್ನು ಕಂಡು ನಿಲ್ಲಿಸಿದರು.

ಚಿತ್ರ ಬಂತು. ಚೆನ್ನಾಗಿಯೇ ಬಂತು. ಸದ್ದಿರಲಿಲ್ಲ.

ಭವ್ಯ ರಿಮೋಟಿನಲ್ಲಿ ಸೌಂಡು ಏರಿಸಿದಳು. ಶಾಂತಮೂರ್ತಿ ಟಿವಿಯ ಬೆನ್ನು ತಟ್ಟಿದ. ರೂಪ ಧಾರಾವಾಹಿ ಹಾಕಿ ನೋಡಿದಳು. ಅದರಲ್ಲಿ ಅತ್ತೆ ಸೊಸೆಯರು ಜೋರಾಗಿಯೇ ಜಗಳವಾಡುತ್ತಿದ್ದರು. ಪೆನ್‌ಡ್ರೈವಿಗೆ ಮರಳಿದರೆ ಮತ್ತೆ ಮೌನ. ಓಲಗದವರ ಕೆನ್ನೆ ಉಬ್ಬುತ್ತಿತ್ತು, ಉಸಿರು ಎಲ್ಲಿಗೋ ಹೋಗುತ್ತಿತ್ತು.

ಮಣಿಕಂಠನಿಗೆ ಫೋನು ಹೋಯಿತು. ಅವನು ಕಂಪ್ಯೂಟರು ತೆಗೆದು ನೋಡಿ ಹೇಳಿದ: “ಸಾ, ಕನ್ವರ್ಟ್ ಮಾಡೋವಾಗ ಸವುಂಡ್ ಅನ್ನೋ ಕಡೆ ಟಿಕ್ ಬಿದ್ದಿಲ್ಲ. ನನ್ ಸ್ಪೀಕರ್ ಕೆಟ್ಟೋಗಿ ಕಾಲ ಆಯ್ತು, ಅದ್ಕೇ ಮನೇಲಿ ನೋಡ್ಕಳಿ ಅಂದಿದ್ದು. ನೀವು ವಾರಗಟ್ಲೆ ತಾಳೆ ನೋಡುದ್ರಂತಲ್ಲ? ತೊಂದ್ರೆ ಇಲ್ಲ, ಡಿವಿಡಿ ತಕಂಡ್ ಬನ್ನಿ, ಇನ್ನೊಂದ್ಸಲ ಆಕ್ಕೊಡ್ತೀನಿ.”

ಗುರುಪಾದಸ್ವಾಮಿಗಳು ಭಾಮೈದನ ಮುಖ ನೋಡಿದರು. ಭಾಮೈದ ನೆಲ ನೋಡಿದ.

“ಚಿತ್ರದಲ್ಲಿ ಒಂದು ತಪ್ಪಿಲ್ಲ,” ಎಂದರು ಗುರುಪಾದಸ್ವಾಮಿಗಳು. ಪುಟ್ಟಮಲ್ಲಮ್ಮ ಎದ್ದು ಎಲ್ಲರ ಕಾಫಿ ಲೋಟ ಒಟ್ಟುಮಾಡಿಕೊಂಡು ಒಳಗೆ ಹೋದಳು. ಲೋಟಗಳಲ್ಲಿ ಕಾಫಿ ಇನ್ನೂ ಇತ್ತು.

ಮಾರನೆಯ ದಿನ ಗಂಡಹೆಂಡಿರು ಬಸ್ಸು ಹಿಡಿದು ಅಜ್ಜೀಪುರಕ್ಕೆ ಹೋದರು. ದಾರಿಯುದ್ದಕ್ಕೂ ಗುರುಪಾದಸ್ವಾಮಿಗಳು ಮಣಿಕಂಠನನ್ನು ಬೈದರು, ಹನೂರು ದಾಟಿದ ಮೇಲೆ ಪೆನ್‌ಡ್ರೈವಿನ ಕಂಪನಿಯವರನ್ನು ಬೈದರು. ಆಕೆ ಕಿಟಕಿಯ ಕಡೆ ಮುಖ ಮಾಡಿದವಳು ಇಳಿಯುವವರೆಗೆ ತಿರುಗಲಿಲ್ಲ.

ಹೊಲದಲ್ಲಿ ಜೋಳ ಮುರಿದಾಗಿತ್ತು. ಕಡ್ಡಿಗಳ ನಡುವೆ ದಾರ ಜೋತುಬಿದ್ದಿತ್ತು. ಒಂದು ಡಿವಿಡಿ ಗಾಳಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಇನ್ನೊಂದನ್ನು ಕಾಡುಹಂದಿ ತುಳಿದಿತ್ತು. ಸೋಬಾನೆ ಇದ್ದದ್ದು ಸಿಕ್ಕಿತು, ಆದರೆ ಮಳೆಬಿಸಿಲಿಗೆ ಬೆಳ್ಳಿಯ ಪರೆ ಕಿತ್ತುಹೋಗಿ, ಕಣ್ಣಿಗೆ ಹಿಡಿದರೆ ಅದರೊಳಗಿಂದ ಆಚೆಯ ಬೇಲಿ ಕಾಣುತ್ತಿತ್ತು.

“ಒಂದ್ ಗಿಳೀನೂ ಬರ್ಲಿಲ್ಲ ಭಾವ,” ಎಂದ ಶಾಂತಮೂರ್ತಿ. ಸಮಾಧಾನಕ್ಕೆ ಹೇಳಿದ್ದು, ಪಾಪ.

ಭವ್ಯಳ ಮದುವೆಯಲ್ಲಿ ಬಸಮ್ಮಣ್ಣಿಯ ಜೊತೆ ಸೊಲ್ಲು ಹೇಳಿದ್ದ ಹೆಂಗಸರನ್ನೂ ಪುಟ್ಟಮಲ್ಲಮ್ಮ ವಿಚಾರಿಸಿದಳು. ಕೆಲವರು ಈಗಿಲ್ಲ. ಇದ್ದ ಒಬ್ಬಳು ಬೇರೆ ಯಾರದೋ ಮದುವೆಯ ನುಡಿಯನ್ನು ಹೇಳಿ ತಾನೇ ನಕ್ಕಳು. ಭವ್ಯಳಿಗೆ ನಕ್ಕದ್ದು ನೆನಪಿದೆ, ಯಾಕೆ ನಕ್ಕದ್ದೆಂಬುದು ನೆನಪಿಲ್ಲ.

ಊರಿಗೆ ಬಂದ ಮೇಲೆ ಪುಟ್ಟಮಲ್ಲಮ್ಮ ಮಾತು ಕಡಿಮೆ ಮಾಡಿದಳು. ಆಕೆ ಜಗಳಕ್ಕೆ ಬಂದಿದ್ದರೆ ಗುರುಪಾದಸ್ವಾಮಿಗಳಿಗೆ ಹಗುರವಾಗುತ್ತಿತ್ತು. ಒಂದು ಬೆಳಿಗ್ಗೆ ಅವರು ತಾರೀಖು ನೋಡದೆಯೇ ಕಾಫಿ ಕುಡಿದರು. ಆಕೆ ಅದನ್ನೂ ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಅವರು ಮಲಗಿ ಎದ್ದು ಹಜಾರಕ್ಕೆ ಬಂದರೆ ಹೆಂಡತಿ ಟಿವಿಯ ಮುಂದೆ ಕೂತಿದ್ದಳು. ಬಸಮ್ಮಣ್ಣಿ ಪರದೆಯಲ್ಲಿ ಬಾಯಿ ಆಡಿಸುತ್ತಿದ್ದಳು, ಮಗಳು ಇಲ್ಲಿ ಹಾಡುತ್ತಿದ್ದಳು. ತಾಯಿಯ ತುಟಿ ತೆರೆದಾಗ ತೆರೆದು, ಉಸಿರೆಳೆದಾಗ ಎಳೆದು, ಹಸೆಗೆ ಬಾರವ್ವ ಎಂದು ಕರೆಯುವ ಹಳೆಯ ಪದವನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಆ ದನಿ ಮುದುಕಿಯದೇ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಆಕೆ ಹೀಗೆ ಹಾಡುತ್ತಾಳೆಂಬುದು ಗುರುಪಾದಸ್ವಾಮಿಗಳಿಗೆ ಗೊತ್ತಿರಲಿಲ್ಲ. ಬಾಗಿಲಲ್ಲೇ ನಿಂತರು.

ಪದ ಕೊನೆಗೆ ಬಂತು. ಪರದೆಯಲ್ಲಿ ಬಸಮ್ಮಣ್ಣಿ ತಲೆಯನ್ನು ಒಂದಿಷ್ಟು ಓರೆ ಮಾಡಿ, ಕಣ್ಣು ಕಿರಿದಾಗಿಸಿ, ಮತ್ತೆ ಬಾಯಿ ತೆರೆದಳು. ಪುಟ್ಟಮಲ್ಲಮ್ಮ ಹಾಡು ನಿಲ್ಲಿಸಿದಳು. ಮುದುಕಿಯ ಬಾಯಿ ಒಂದೇ ಆಡಿತು. ಸುತ್ತಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಭವ್ಯ ಹಸೆಯ ಮೇಲೆ ಬಗ್ಗಿ ಬಗ್ಗಿ ನಕ್ಕಳು, ಎಲ್ಲರೂ ಒಂದೇ ಕಡೆ ತಿರುಗಿ ನೋಡಿದರು. ಅಲ್ಲಿ, ಚಪ್ಪರದ ಕಂಬದ ಹತ್ತಿರ, ಮುದುಕಿಯಿಂದ ಮಾರು ದೂರದಲ್ಲಿ, ಬಾಡಿಗೆ ಪಾತ್ರೆಗಳ ನಡುವೆ ಒಬ್ಬ ಗಂಡಸು ಬಗ್ಗಿ ನಿಂತು ಬೆರಳು ಮಡಿಸಿ ಎಣಿಸುತ್ತಿದ್ದ. ಅಷ್ಟು ಜನ ನೋಡಿ ನಗುತ್ತಿದ್ದರೂ ಅವನು ತಲೆ ಎತ್ತಲಿಲ್ಲ.

ಪುಟ್ಟಮಲ್ಲಮ್ಮ ಅಲ್ಲಿಗೆ ಚಿತ್ರ ನಿಲ್ಲಿಸಿ ಹಿಂದಿರುಗಿ ನೋಡಿದಳು.

“ಇದು ನೀವಲ್ವೆ?”

“ಹೂಂ.”

“ನಮ್ಮವ್ವ ನಿಮ್ ಮೇಲೇ ಕಟ್ಟವ್ಳೆ ಕಣ್ರೀ. ನಿಮ್ ಕಿವಿ ಪಕ್ಕದಲ್ಲೇ ಅಂದವ್ಳೆ.” ಆಕೆಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಸಣ್ಣ ಆಸೆ ಕಂಡಿತು. “ಏನಂದ್ಲು ಏಳ್ರಿ. ಬೈದಿದ್ರೂ ಪರ್ವಾಗಿಲ್ಲ, ಏಳಿ.”

ಗುರುಪಾದಸ್ವಾಮಿಗಳು ನಿಜವಾಗಿಯೂ ಪ್ರಯತ್ನಪಟ್ಟರು. ಕಣ್ಣು ಮುಚ್ಚಿಕೊಂಡು, ಹಣೆ ಹಿಡಿದುಕೊಂಡು, ಆ ಚಪ್ಪರಕ್ಕೆ ಹೋಗಿ ಆ ಕಂಬದ ಹತ್ತಿರ ನಿಂತರು. ಆಕೆ ಕಾದಳು.

“ಕೊಳದಪ್ಪಲೆ, ಸೌಟು, ಜಾಲರಿ,” ಎಂದರು ಕೊನೆಗೆ, “ಒಂದೂ ಕಳೀದೆ ವಾಪಸ್ ಕೊಟ್ಟಿದ್ದೆ ಕಣೆ.”